"ವಡೆ ಬೇಕಾ?": ಅಪ್‌ಸೆಲ್‌ನ ಇತಿಹಾಸ, 8 ಕ್ಯಾಪ್ಶನ್‌ಗಳಲ್ಲಿ

ಭಾಗ 1/8: ಒಂದು ಸ್ವಿಚ್, ಮೂರು ಜನರ ಜಗಳ

ದರ್ಶಿನಿಯ ಕೌಂಟರ್ ಮುಂದೆ ನಿಂತು "ಒಂದ್ ಪ್ಲೇಟ್ ಇಡ್ಲಿ" ಅಂತೀರಿ. ಬಿಲ್ ಹಾಕೋರು ತಲೆ ಎತ್ತದೇ ಕೇಳ್ತಾರೆ: "ವಡೆ ಬೇಕಾ?" ನೀವು ಒಂದು ಕ್ಷಣ ಯೋಚಿಸಿ "ಹಾಕಿ" ಅಂತೀರಿ, ಇಲ್ಲಾ "ಬೇಡ" ಅಂತೀರಿ. ಇಬ್ಬರಿಗೂ ಬೇಜಾರಿಲ್ಲ.

ಈ "ವಡೆ ಬೇಕಾ"ಗೆ ನಮ್ಮ ಮಾರ್ಕೆಟಿಂಗ್ ಸಿಲೆಬಸ್‌ನಲ್ಲಿ ಹೆಸರಿದೆ. ಕೊಳ್ಳುತ್ತಿರುವ ವಸ್ತುವಿನದ್ದೇ ದೊಡ್ಡ ಅಥವಾ ದುಬಾರಿ ರೂಪವನ್ನು ಮಾರಿದರೆ ಅಪ್‌ಸೆಲ್. ಜೊತೆಗೆ ಇನ್ನೊಂದು ವಸ್ತು ಮಾರಿದರೆ ಕ್ರಾಸ್‌ಸೆಲ್. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೀರಿ, ಮಾರ್ಕು ಬರುತ್ತೆ. ಆದರೆ ಆನ್‌ಲೈನ್ ವ್ಯಾಪಾರದವರು ಎರಡಕ್ಕೂ ಅಪ್‌ಸೆಲ್ ಅಂತಲೇ ಅನ್ನೋದು. ಇಲ್ಲಿ ನಾನೂ ಹಾಗೇ ಅನ್ನುತ್ತೇನೆ.

ಈ ಸರಣಿ ಯಾಕೆ ಅಂದ್ರೆ, ನಾವು ಮೂರು ಜನ ಸೇರಿ ದೀಪಾವಳಿಗೆ ಹಣತೆಗಳ ಒಂದು ಬಾಕ್ಸ್ ಆನ್‌ಲೈನ್‌ನಲ್ಲಿ ಮಾರಲು ಹೊರಟಿದ್ದೇವೆ. ಪೇಜ್ ರೆಡಿ ಮಾಡುವಾಗ ಪೇಮೆಂಟ್ ಜಾಗದಲ್ಲಿ "ಜೊತೆಗೆ ಹತ್ತಿ ಬತ್ತಿ ಮತ್ತು ರಂಗೋಲಿ ಬಣ್ಣ, ₹120" ಅಂತ ಒಂದು ಚೌಕ ಹಾಕಿದೆವು. ಆ ಸಾಫ್ಟ್‌ವೇರ್‌ನಲ್ಲಿ ಚೌಕದ ಪಕ್ಕ ಒಂದು ಸ್ವಿಚ್ ಇತ್ತು: ಟಿಕ್ ಮೊದಲೇ ಹಾಕಿಡಬೇಕಾ, ಬೇಡವಾ?

ಒಬ್ಬಳು "ಹಾಕು, ಎಲ್ರೂ ಹಾಕ್ತಾರೆ" ಅಂದಳು. ಇನ್ನೊಬ್ಬ "ಛೇ, ಅದು ಮೋಸ" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಈ ಸ್ವಿಚ್ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹಿಂದೆ ಹೋದೆ. ಸಿಕ್ಕಿದ್ದನ್ನು ಹೇಳ್ತೀನಿ ಬನ್ನಿ. ದರ್ಶಿನಿಯಲ್ಲಿ ಬಾಯಿಬಿಟ್ಟು ಕೇಳುವ ಆ ಪ್ರಶ್ನೆ ಆನ್‌ಲೈನ್‌ಗೆ ಬರುವಷ್ಟರಲ್ಲಿ ಹೇಗೆ ಮೆಲ್ಲಗೆ ಕರಗಿಹೋಯಿತು ಅನ್ನುವುದೇ ಈ ಕಥೆ.

ಭಾಗ 2/8: ಪಾಪ್‌ಕಾರ್ನ್ ಮತ್ತು ನಾಚಿಕೆ

ಜಾಗ: ಅಮೆರಿಕದ ಶಿಕಾಗೊ ಕಡೆಯ ಸಿನಿಮಾ ಮಂದಿರಗಳು. ಬಲಾಬನ್ ಅಂಡ್ ಕಾಟ್ಜ್ ಅನ್ನುವ ಥಿಯೇಟರ್ ಸಂಸ್ಥೆಯಲ್ಲಿ ಡೇವಿಡ್ ವಾಲರ್‌ಸ್ಟೈನ್ ಅನ್ನುವ ಅಧಿಕಾರಿ ಇದ್ದರು. ಥಿಯೇಟರ್‌ಗೆ ಟಿಕೆಟ್‌ಗಿಂತ ಪಾಪ್‌ಕಾರ್ನ್‌ನಲ್ಲಿ ಲಾಭ ಜಾಸ್ತಿ. ಜೋಳದ ಬೆಲೆ ಕಡಿಮೆ, ಮಾರುವ ಬೆಲೆ ಹೆಚ್ಚು. ಹಾಗಾಗಿ ಒಬ್ಬ ಪ್ರೇಕ್ಷಕನಿಗೆ ಇನ್ನೂ ಸ್ವಲ್ಪ ಪಾಪ್‌ಕಾರ್ನ್ ಹೇಗೆ ಮಾರೋದು ಅನ್ನುವುದೇ ಅವರ ತಲೆನೋವು.

ಎರಡು ಕೊಂಡರೆ ರಿಯಾಯಿತಿ ಮುಂತಾದ ಆಫರ್‌ಗಳನ್ನೆಲ್ಲ ಮಾಡಿ ನೋಡಿದರು. ಜನ ಎರಡನೇ ಪೊಟ್ಟಣ ಕೊಳ್ಳಲಿಲ್ಲ. ಹಸಿವು ಇರಲಿಲ್ಲ ಅಂತಲ್ಲ. ಎರಡು ಪೊಟ್ಟಣ ಹಿಡಿದು ಕೂತರೆ ಪಕ್ಕದವರು ಹೊಟ್ಟೆಬಾಕ ಅಂದ್ಕೊಳ್ತಾರಲ್ಲ ಅನ್ನೋ ನಾಚಿಕೆ. ಇದು ಹೊಳೆದ ಮೇಲೆ ವಾಲರ್‌ಸ್ಟೈನ್ ಎರಡನೇ ಪೊಟ್ಟಣ ಮಾರುವುದನ್ನು ಬಿಟ್ಟು, ಒಂದೇ ದೊಡ್ಡ ಪೊಟ್ಟಣ ಇಟ್ಟರು. ಮಾರಾಟ ಏರಿತು. ಉಪ್ಪು ತಿಂದವನಿಗೆ ಬಾಯಾರಿಕೆ ಆಗಲೇಬೇಕು, ತಂಪು ಪಾನೀಯವೂ ಹೆಚ್ಚು ಹೋಯಿತು.

ಮುಂದೆ ಅವರು ಮೆಕ್‌ಡೊನಾಲ್ಡ್ಸ್ ಆಡಳಿತ ಮಂಡಳಿಗೆ ಬಂದು, ಆಲೂ ಫ್ರೈಸ್‌ನಲ್ಲೂ ದೊಡ್ಡ ಸೈಜು ಇಡೋಣ ಅಂದರು. ಸಂಸ್ಥೆ ಕಟ್ಟಿದ ರೇ ಕ್ರಾಕ್ ಒಪ್ಪಲಿಲ್ಲ. ಬೇಕಾದವರು ಎರಡು ಪೊಟ್ಟಣ ತಗೊಳ್ಳಲಿ ಬಿಡು ಅನ್ನೋದು ಅವರ ವಾದ. ವಾಲರ್‌ಸ್ಟೈನ್ ಅಂಗಡಿಗಳಿಗೆ ಹೋಗಿ ಕೂತು, ಜನ ಪೊಟ್ಟಣದ ತಳದ ಉಪ್ಪು ಚೂರುಗಳನ್ನೂ ಬಳಿದು ತಿನ್ನುವುದನ್ನು ನೋಡಿ ಬಂದು ವಾದಿಸಿದರು. 1970ರ ದಶಕದ ಆರಂಭದಲ್ಲಿ ದೊಡ್ಡ ಫ್ರೈಸ್ ಬಂತು.

ಇದರ ಕೆಟ್ಟ ಫಲವೂ ಇದೆ. ದೊಡ್ಡದರ ಮೇಲೆ ಇನ್ನೂ ದೊಡ್ಡದು ಅಂತ ಹೋಗಿ ಸೂಪರ್‌ಸೈಜ್ ಬಂತು. ಟೀಕೆ ಜೋರಾದಾಗ, 2004ರಲ್ಲಿ ಅಮೆರಿಕದ ಮೆನುಗಳಿಂದ ಅದನ್ನು ತೆಗೆಯುವುದಾಗಿ ಕಂಪನಿ ಹೇಳಿತು. ಆದರೆ ಒಂದು ಗಮನಿಸಿ: ಇಲ್ಲಿ ಎಲ್ಲವೂ ಕಣ್ಣೆದುರೇ ಇತ್ತು. ಸೈಜು ಬೋರ್ಡ್ ಮೇಲೆ, ಬೆಲೆ ಬೋರ್ಡ್ ಮೇಲೆ. ಗಿರಾಕಿ ಬಾಯಿಬಿಟ್ಟು "ದೊಡ್ಡದು" ಅನ್ನಬೇಕಿತ್ತು.

ಭಾಗ 3/8: ಟಿವಿ ಚಾಕು, ಫೋನ್ ಕರೆ

1978. ಅಮೆರಿಕದ ಟಿವಿಯಲ್ಲಿ ಗಿನ್ಸು ಚಾಕುವಿನ ಜಾಹೀರಾತು. ಹೆಸರು ಕೇಳಿದರೆ ಜಪಾನಿನದ್ದು ಅನಿಸುತ್ತೆ. ತಯಾರಾಗುತ್ತಿದ್ದದ್ದು ಮಾತ್ರ ಅಮೆರಿಕದ ಒಹಾಯೋ ರಾಜ್ಯದಲ್ಲಿ! ಎಡ್ ವ್ಯಾಲೆಂಟಿ ಮತ್ತು ಬ್ಯಾರಿ ಬೆಕರ್ ಇದನ್ನು ಮಾರಿದವರು. ಚಾಕು ತಗಡಿನ ಡಬ್ಬಿ ಕತ್ತರಿಸುತ್ತೆ, ಆಮೇಲೆ ಟೊಮೆಟೊ ಕತ್ತರಿಸುತ್ತೆ. ಇದಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿ, ಉತ್ತರ ಕೊಡುವ ಮೊದಲು ಇನ್ನೂ ಇದೆ ಕೇಳಿ ಅಂತ ಒಂದರ ಮೇಲೊಂದು ವಸ್ತು ಸೇರಿಸುತ್ತಾ ಹೋಗ್ತಾರೆ. ಪ್ರಶ್ನೆ ಇದೆ, ಉತ್ತರಿಸಲು ಬಿಡುವಿಲ್ಲ.

ಇನ್ನೊಂದು ಅವಕಾಶ ಫೋನ್‌ನಲ್ಲಿತ್ತು. ಜಾಹೀರಾತು ನೋಡಿ ನೀವೇ ಫೋನ್ ಮಾಡ್ತೀರಿ, ಕಾರ್ಡ್ ನಂಬರ್ ಹೇಳ್ತೀರಿ. ಫೋನ್ ಇಡುವ ಮೊದಲು ಆ ಕಡೆಯವರು ಇನ್ನೊಂದು ವಿಷಯ ತೆಗೀತಾರೆ. ಈಗ ನಿಮ್ಮ ಕಾರ್ಡ್ ನಂಬರ್ ಅವರ ಹತ್ತಿರ ಆಗಲೇ ಇದೆ. ನೀವು "ಹೂಂ" ಅಂದರೂ ಸಾಕು. ತಿಂಗಳ ಟ್ರಯಲ್ ಉಚಿತ, ನೀವಾಗಿಯೇ ಬೇಡ ಅನ್ನದಿದ್ದರೆ ಆಮೇಲೆ ದುಡ್ಡು.

ಇದು ಎಷ್ಟು ದೂರ ಹೋಯಿತೆಂದರೆ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ತನ್ನ ಟೆಲಿಮಾರ್ಕೆಟಿಂಗ್ ನಿಯಮ ತಿದ್ದುವಾಗ "ಅಪ್‌ಸೆಲ್ಲಿಂಗ್" ಅನ್ನುವ ಪದಕ್ಕೇ ವ್ಯಾಖ್ಯಾನ ಬರೆಯಿತು. ಉಚಿತದಿಂದ ಶುರುವಾಗಿ ದುಡ್ಡಿಗೆ ತಿರುಗುವ ಆಫರ್ ಇದ್ದು, ಕಾರ್ಡ್ ವಿವರ ಮಾರುವವರ ಬಳಿ ಮೊದಲೇ ಇದ್ದರೆ, ಗಿರಾಕಿಯ ಬಾಯಿಂದ ಕಾರ್ಡ್‌ನ ಕೊನೆಯ 4 ಅಂಕಿಗಳನ್ನಾದರೂ ಹೇಳಿಸಬೇಕು, ಕರೆಯನ್ನು ರೆಕಾರ್ಡ್ ಮಾಡಬೇಕು ಎಂದಿತು.

ನಾಲ್ಕೇ ಅಂಕಿ. ಆದರೆ ಅಂಕಿ ಹೇಳುವಾಗ ಮನುಷ್ಯ ಎಚ್ಚರ ಆಗ್ತಾನೆ, "ಅಯ್ಯೋ, ದುಡ್ಡು ಹೋಗ್ತಿದೆ" ಅಂತ. ಆ ನಿಯಮದ ಕೆಲಸ ಅಷ್ಟೇ, ಎಚ್ಚರಿಸೋದು.

ಭಾಗ 4/8: ಬಾಸ್ ಬೇಡ ಅಂದಿದ್ದ ಐಡಿಯಾ

ಫೋನ್‌ನಿಂದ ಈಗ ವೆಬ್‌ಗೆ. 1995ರಲ್ಲಿ ಅಮೆಜಾನ್ ಪುಸ್ತಕ ಮಾರುವ ಸೈಟ್ ಆಗಿ ಬಾಗಿಲು ತೆರೆಯಿತು. ಅಲ್ಲಿ ಗ್ರೆಗ್ ಲಿಂಡೆನ್ ಅನ್ನುವ ಇಂಜಿನಿಯರ್ ಇದ್ದರು. ಕಿರಾಣಿ ಅಂಗಡಿಯಲ್ಲಿ ಬಿಲ್ ಕೌಂಟರ್ ಪಕ್ಕ ಚಾಕೊಲೇಟ್ ಇಡ್ತಾರಲ್ಲ, ಹಾಗೇ ವೆಬ್‌ನ ಕಾರ್ಟ್ ಪುಟದಲ್ಲೂ ಇಡಬಹುದಲ್ವಾ ಅನ್ನೋದು ಅವರ ಯೋಚನೆ. ಜೊತೆಗೆ ವೆಬ್‌ನಲ್ಲಿ ಒಂದು ಅನುಕೂಲ: ಒಬ್ಬೊಬ್ಬರ ಬುಟ್ಟಿ ನೋಡಿ ಒಬ್ಬೊಬ್ಬರಿಗೆ ಬೇರೆ ಬೇರೆ ತೋರಿಸಬಹುದು.

ಲಿಂಡೆನ್ ತಾವೇ ಆಮೇಲೆ ಬರೆದಿರುವ ಪ್ರಕಾರ, ಮಾರ್ಕೆಟಿಂಗ್‌ನ ಹಿರಿಯ ಅಧಿಕಾರಿಯೊಬ್ಬರು ಇದಕ್ಕೆ ಪೂರ್ತಿ ವಿರೋಧ. ದುಡ್ಡು ಕಟ್ಟಲು ಹೊರಟ ಗಿರಾಕಿಯ ಗಮನ ಬೇರೆ ಕಡೆ ಹೋಗಿ ಕಾರ್ಟ್ ಬಿಟ್ಟೇ ಹೋದರೆ ಅನ್ನೋ ಭಯ. ಮುಂದುವರಿಸಬೇಡ ಅಂದರು. ಲಿಂಡೆನ್ ಹಾಗಿದ್ದರೂ ಟೆಸ್ಟ್ ನಡೆಸಿದರು. ಸಲಹೆ ತೋರಿಸಿದ ಪುಟ ಎಷ್ಟು ಮುಂದಿತ್ತು ಅಂದ್ರೆ, ಇದನ್ನು ಹಾಕದೇ ಇರುವುದೇ ನಷ್ಟ ಅನ್ನುವಂತಾಯಿತು.

ಇದರ ಹಿಂದಿನ ವಿಧಾನವನ್ನು ಲಿಂಡೆನ್, ಬ್ರೆಂಟ್ ಸ್ಮಿತ್, ಜೆರೆಮಿ ಯಾರ್ಕ್ 2003ರಲ್ಲಿ ಒಂದು ಲೇಖನವಾಗಿ ಪ್ರಕಟಿಸಿದರು. ಸರಳವಾಗಿ ಹೇಳ್ತೀನಿ. ಕೋಟಿಗಟ್ಟಲೆ ಗಿರಾಕಿಗಳಲ್ಲಿ ನಿಮ್ಮಂಥವರು ಯಾರು ಅಂತ ಹುಡುಕುವುದು ಕಷ್ಟ. ಅದರ ಬದಲು ಯಾವ ವಸ್ತುವಿನ ಜೊತೆ ಯಾವ ವಸ್ತು ಹೋಗುತ್ತೆ ಅಂತ ಮೊದಲೇ ಲೆಕ್ಕ ಹಾಕಿಟ್ಟರೆ, ನೀವು ಬಂದಾಗ ಪಟ್ಟಿ ರೆಡಿ. ನಮ್ಮೂರ ಅಂಗಡಿಯವರು ಕೊಬ್ಬರಿ ಎಣ್ಣೆ ಕೇಳಿದವರಿಗೆ ಸೀಗೆಪುಡಿ ನೆನಪಿಸುವ ಲೆಕ್ಕವೇ ಇದು, ದೊಡ್ಡ ಪ್ರಮಾಣದಲ್ಲಿ.

ಇದು ಅಪ್‌ಸೆಲ್‌ನ ಒಳ್ಳೆ ಮುಖ. ಸಲಹೆ ಕೊಡುತ್ತೆ, ಬುಟ್ಟಿಗೆ ಹಾಕುವ ಕೈ ನಿಮ್ಮದೇ.

ಅದೇ ಕಾಲದಲ್ಲಿ ಇನ್ನೊಂದು ಬಂತು. 1999ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್‌ಗೆ ಒಂದೇ ಕ್ಲಿಕ್‌ನಲ್ಲಿ ಕೊಳ್ಳುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ವಿಳಾಸ, ಕಾರ್ಡ್ ಎಲ್ಲ ಸೇವ್ ಆಗಿರುತ್ತೆ, ಒತ್ತಿದರೆ ಆಯ್ತು. ಗಿರಾಕಿಗೆ ನಿಜಕ್ಕೂ ಅನುಕೂಲ. ಆದರೆ ಹಿಂದಿನ ಭಾಗದ ನಾಲ್ಕು ಅಂಕಿ ನೆನಪಿದೆಯಾ? ಎಚ್ಚರ ಆಗುವ ಆ ಕ್ಷಣ ಇಲ್ಲಿ ಇಲ್ಲ. 2017ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಆ ವಿಧಾನ ಬಳಸಬಹುದಾಯಿತು.

ಭಾಗ 5/8: ಲಾಂಚ್‌ನ ಲೆಕ್ಕ

ಚಿಕ್ಕ ವ್ಯಾಪಾರಿಗಳ ಕೈಗೆ ಇದೆಲ್ಲ ಹೇಗೆ ಬಂತು? 2005ರಲ್ಲಿ ಜೆಫ್ ವಾಕರ್ ಅನ್ನುವವರು ಆನ್‌ಲೈನ್‌ನಲ್ಲಿ ವಸ್ತು ಬಿಡುಗಡೆ ಮಾಡುವ ಬಗ್ಗೆಯೇ ಒಂದು ಕೋರ್ಸ್ ಮಾರಲು ಶುರುಮಾಡಿದರು. 2014ರಲ್ಲಿ ಕ್ಲಿಕ್‌ಫನೆಲ್ಸ್ ಅನ್ನುವ ಸಾಫ್ಟ್‌ವೇರ್ ಬಂತು. ಕೋಡಿಂಗ್ ಬಾರದವರೂ ಪುಟಗಳ ಸಾಲು ಜೋಡಿಸಬಹುದಾಯಿತು.

ಆ ಸಾಲು ಹೀಗಿರುತ್ತೆ. ಪೇಮೆಂಟ್ ಪುಟದಲ್ಲೇ ಟಿಕ್ ಮಾಡುವ ಚಿಕ್ಕ ಚೌಕ ಇದ್ದರೆ ಆರ್ಡರ್ ಬಂಪ್. ದುಡ್ಡು ಕಟ್ಟಿದ ಮೇಲೆ, ಥ್ಯಾಂಕ್ಯೂ ಪುಟಕ್ಕೂ ಮೊದಲು ದೊಡ್ಡ ಆಫರ್ ಬಂದರೆ ಅಪ್‌ಸೆಲ್. ಅದಕ್ಕೆ ಬೇಡ ಅಂದವರಿಗೆ ಸ್ವಲ್ಪ ಕಡಿಮೆ ಬೆಲೆಯದ್ದು ತೋರಿಸಿದರೆ ಡೌನ್‌ಸೆಲ್.

ಯಾಕೆ ಎಲ್ರೂ ಇದರ ಹಿಂದೆ ಬೀಳ್ತಾರೆ ಅನ್ನೋದಕ್ಕೆ ನಮ್ಮ ಬಾಕ್ಸ್‌ದೇ ಲೆಕ್ಕ ಹಾಕೋಣ. ಇದು ಅಂದಾಜು, ಆದರೆ ವಿಷಯ ಅರ್ಥ ಆಗುತ್ತೆ.

ಬಾಕ್ಸ್ ಬೆಲೆ ₹450. ಹಣತೆ, ಪ್ಯಾಕಿಂಗ್, ಕೊರಿಯರ್ ಸೇರಿ ₹300. ಒಂದು ಆರ್ಡರ್ ಬರಲು ಜಾಹೀರಾತಿಗೆ ₹110. ಉಳಿಯೋದು ₹40. 100 ಆರ್ಡರ್‌ಗೆ ₹4000. ಮೂವರು ಹಂಚಿಕೊಂಡರೆ ಬಸ್ ಪಾಸ್ ದುಡ್ಡು!

ಈಗ ಬತ್ತಿ–ರಂಗೋಲಿ ಪ್ಯಾಕ್ ಸೇರಿಸಿ. ಬೆಲೆ ₹120, ನಮಗೆ ಬೀಳೋದು ₹60. ಅದೇ ಡಬ್ಬಿಯಲ್ಲಿ ಹೋಗುತ್ತೆ, ಜಾಹೀರಾತಿಗೆ ಮತ್ತೆ ಖರ್ಚಿಲ್ಲ. ಕೇಳಿದಾಗ 100ರಲ್ಲಿ 25 ಜನ ತಗೊಂಡರೆ ₹1500. ಒಟ್ಟು ಲಾಭ ₹5500. ಜಾಹೀರಾತಿನ ಖರ್ಚು ಮೊದಲ ವಸ್ತುವಿನ ಮೇಲೇ ಬಿದ್ದುಬಿಡುವುದರಿಂದ ಎರಡನೇ ವಸ್ತು ಹಗುರ. ಲಾಂಚ್‌ನಲ್ಲಿ ಅಪ್‌ಸೆಲ್ ಯಾಕೆ ಮುಖ್ಯ ಅಂದ್ರೆ ಇದೇ.

ಈಗ ಟಿಕ್ ಮೊದಲೇ ಹಾಕಿಡಿ. 60 ಜನ ತೆಗೆಯಲಿಲ್ಲ ಅಂದ್ಕೊಳ್ಳಿ. ₹3600. ಒಟ್ಟು ₹7600!

ಆಸೆ ಆಯ್ತಲ್ವಾ? ನನಗೂ ಆಯ್ತು. ಆದರೆ ಕೇಳಿದ್ದರೆ 25 ಜನ, ಕೇಳದೇ ಇದ್ದಾಗ 60. ನಡುವಿನ 35 ಜನ ಯಾರು?

ಭಾಗ 6/8: ಆ 35 ಜನ ಕೋಟಿಗಳಾದಾಗ

ಅದಕ್ಕೆ ಉತ್ತರ ಅಮೆರಿಕದಲ್ಲಿ 2009ರಲ್ಲಿ ಸಿಕ್ಕಿತ್ತು.

ಆಗ ಅಲ್ಲಿ ನಡೀತಿದ್ದದ್ದು ಹೀಗೆ. ನೀವು ಹೆಸರಾಂತ ಸೈಟ್‌ನಲ್ಲಿ ಏನೋ ಕೊಳ್ತೀರಿ, ದುಡ್ಡು ಕಟ್ತೀರಿ. ತಕ್ಷಣ ಒಂದು ಕಿಟಕಿ ತೆರೆಯುತ್ತೆ: ಮುಂದಿನ ಖರೀದಿಗೆ 10 ಡಾಲರ್ ವಾಪಸ್. ಅದೇ ಅಂಗಡಿಯದ್ದು ಅಂದ್ಕೊಂಡು ಇಮೇಲ್ ಹಾಕಿ ಬಟನ್ ಒತ್ತುತ್ತೀರಿ. ನಿಜಕ್ಕೂ ಅದು ಬೇರೆ ಕಂಪನಿಯ ಸದಸ್ಯತ್ವ ಕ್ಲಬ್. ನಿಮ್ಮ ಕಾರ್ಡ್ ನಂಬರನ್ನು ಅಂಗಡಿಯೇ ಅವರಿಗೆ ದಾಟಿಸಿರುತ್ತೆ. ಟ್ರಯಲ್ ಮುಗಿದ ಮೇಲೆ ತಿಂಗಳಿಗೆ 10ರಿಂದ 20 ಡಾಲರ್ ಕಟ್ ಆಗುತ್ತಾ ಹೋಗುತ್ತೆ. ಸ್ಟೇಟ್‌ಮೆಂಟ್ ನೋಡಿದವರಿಗಷ್ಟೇ ಗೊತ್ತು.

ಅಫಿನಿಯನ್, ವರ್ಟ್ರೂ, ವೆಬ್‌ಲಾಯಲ್ಟಿ ಅನ್ನುವ ಮೂರು ಕಂಪನಿಗಳ ಬಗ್ಗೆ ಅಮೆರಿಕದ ಸೆನೆಟ್‌ನ ವಾಣಿಜ್ಯ ಸಮಿತಿ ತನಿಖೆ ನಡೆಸಿತು. ಅಧ್ಯಕ್ಷರು ಜೇ ರಾಕ್‌ಫೆಲ್ಲರ್. ಈ ರೀತಿ ಗಿರಾಕಿಗಳಿಂದ ವಸೂಲಾದ ಮೊತ್ತ 140 ಕೋಟಿ ಡಾಲರ್‌ಗೂ ಹೆಚ್ಚು ಅಂತ ಸಮಿತಿಯ ವರದಿ ಹೇಳಿತು. 450ಕ್ಕೂ ಹೆಚ್ಚು ಸೈಟ್‌ಗಳು ಇದರಲ್ಲಿ ಪಾಲುದಾರರು. ತಾವು ಸದಸ್ಯರು ಅನ್ನುವುದೇ ಬಹಳ ಜನರಿಗೆ ಗೊತ್ತಿರಲಿಲ್ಲ.

ಇಲ್ಲಿ ಮಾರಿದ್ದು ಏನು ಹೇಳಿ? ಕ್ಲಬ್ ಅಲ್ಲ. ಯಾರೂ ಅದನ್ನು ಬಳಸುತ್ತಾರೆ ಅಂತ ನೆಚ್ಚಿಕೊಂಡು ಈ ವ್ಯಾಪಾರ ನಿಂತಿರಲಿಲ್ಲ. ಗಿರಾಕಿ ಗಮನಿಸುವುದಿಲ್ಲ ಅನ್ನುವುದರ ಮೇಲೆ ನಿಂತಿತ್ತು.

2010ರ ಡಿಸೆಂಬರ್ 29ರಂದು ಹೊಸ ಕಾನೂನು ಬಂತು. ಹೆಸರಿನ ಅರ್ಥ ಸುಮಾರಾಗಿ "ಆನ್‌ಲೈನ್ ಕೊಳ್ಳುವವರ ವಿಶ್ವಾಸ ಮರಳಿಸುವ ಕಾಯ್ದೆ". ಕಾರ್ಡ್ ವಿವರವನ್ನು ಅಂಗಡಿ ಹೀಗೆ ಬೇರೆಯವರಿಗೆ ದಾಟಿಸುವಂತಿಲ್ಲ. ಖರೀದಿಯ ನಂತರ ಬರುವ ಬೇರೆ ಕಂಪನಿ ಗಿರಾಕಿಯಿಂದಲೇ ಪೂರ್ತಿ ಕಾರ್ಡ್ ನಂಬರ್ ಕೇಳಿ ಪಡೆಯಬೇಕು. 2003ರಲ್ಲಿ ಫೋನ್‌ಗೆ ತಂದ ಆ ಎಚ್ಚರದ ಕ್ಷಣವನ್ನು ವೆಬ್‌ಗೂ ತಂದರು, ಈ ಸಲ ಇನ್ನೂ ಬಿಗಿಯಾಗಿ.

ಭಾಗ 7/8: ಟಿಕ್ ಎಂಬ ಕಳ್ಳ ಹೆಜ್ಜೆ

ಯುರೋಪಿನಲ್ಲಿ ಪ್ರಶ್ನೆಯನ್ನು ಬಚ್ಚಿಟ್ಟ ರೀತಿ ಕೇಳಿದರೆ ನಗು ಬರುತ್ತೆ. ರಯನ್‌ಏರ್ ವಿಮಾನ ಟಿಕೆಟ್ ಬುಕ್ ಮಾಡುವಾಗ ಪ್ರಯಾಣ ವಿಮೆ ಬೇಡ ಅನ್ನಬೇಕಾದರೆ, ನೀವು ವಾಸವಿರುವ ದೇಶ ಆಯ್ಕೆ ಮಾಡುವ ಪಟ್ಟಿಯೊಳಗೆ ಹುಡುಕಬೇಕಿತ್ತು. ದೇಶಗಳ ಹೆಸರಿನ ನಡುವೆ "ವಿಮೆ ಬೇಡ" ಅನ್ನುವುದೂ ಒಂದು ದೇಶದ ಹಾಗೆ ಕೂತಿತ್ತು! 2014ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಈ ವಿಮೆ ವಿಷಯಕ್ಕೆ ದಂಡ ಹಾಕಿತು. ಅದೇ ವರ್ಷ ಜೂನ್ 13ರಿಂದ ಯುರೋಪಿಯನ್ ಒಕ್ಕೂಟದ ಗ್ರಾಹಕ ಹಕ್ಕು ನಿಯಮ ಜಾರಿಗೆ ಬಂತು. ಹೆಚ್ಚುವರಿ ವಸ್ತುವಿಗೆ ಮೊದಲೇ ಟಿಕ್ ಹಾಕಿಟ್ಟು ದುಡ್ಡು ತಗೊಂಡರೆ, ಅದನ್ನು ವಾಪಸ್ ಪಡೆಯುವ ಹಕ್ಕು ಗಿರಾಕಿಗಿದೆ.

ಅಮೆಜಾನ್ ಮತ್ತೆ ಬರುತ್ತೆ ಕಥೆಗೆ. 2005ರಲ್ಲಿ ವರ್ಷಕ್ಕೆ 79 ಡಾಲರ್‌ಗೆ ಶುರುವಾದ ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ಸರಿಯಾದ ಒಪ್ಪಿಗೆ ಇಲ್ಲದೆ ಸೇರಿಸಲಾಗಿದೆ, ಬಿಡುವುದನ್ನು ಕಷ್ಟ ಮಾಡಲಾಗಿದೆ ಎಂದು ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಮೊಕದ್ದಮೆ ಹೂಡಿತು. ಆಧಾರ, ಅದೇ 2010ರ ಕಾಯ್ದೆ. ಸದಸ್ಯತ್ವ ರದ್ದು ಮಾಡುವ ದಾರಿಗೆ ಕಂಪನಿಯೊಳಗೆ "ಇಲಿಯಡ್" ಅಂತ ಹೆಸರಿತ್ತು. ಅದು ಗ್ರೀಕರ ಉದ್ದನೆಯ ಯುದ್ಧಕಾವ್ಯದ ಹೆಸರು. ತಾನು ಕಾನೂನು ಪಾಲಿಸಿದ್ದೇನೆ ಅನ್ನುತ್ತಲೇ ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್ ರಾಜಿಗೆ ಒಪ್ಪಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ವಾಪಸ್. "ಬೇಡ" ಅನ್ನಲು ಸ್ಪಷ್ಟವಾದ ಬಟನ್ ಇರಬೇಕು ಅನ್ನುವುದೂ ಷರತ್ತು.

ನಮ್ಮ ದೇಶದಲ್ಲಿ? 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳ ಮೇಲೆ ಮಾರ್ಗಸೂಚಿ ಹೊರಡಿಸಿತು. 13 ಬಗೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಒಂದು ಬಾಸ್ಕೆಟ್ ಸ್ನೀಕಿಂಗ್: ಒಪ್ಪಿಗೆ ಇಲ್ಲದೆ ಚೆಕ್‌ಔಟ್‌ನಲ್ಲಿ ವಸ್ತು, ಸೇವೆ, ದೇಣಿಗೆ ಸೇರಿಸಿ ಬಿಲ್ ಹೆಚ್ಚಿಸುವುದು. ಇನ್ನೊಂದು ಕನ್ಫರ್ಮ್ ಶೇಮಿಂಗ್: "ಬೇಡ" ಅನ್ನುವವರಿಗೆ ನಾಚಿಕೆ ಅಥವಾ ಅಳುಕು ಹುಟ್ಟಿಸುವ ಮಾತು ಬಟನ್ ಮೇಲೆ ಬರೆಯುವುದು. ವಾಲರ್‌ಸ್ಟೈನ್ ನಾಚಿಕೆ ತಪ್ಪಿಸಿ ಪಾಪ್‌ಕಾರ್ನ್ ಮಾರಿದರು. ಇವರು ನಾಚಿಕೆ ಹುಟ್ಟಿಸಿ ಮಾರ್ತಾರೆ.

ಭಾಗ 8/8: ಸ್ವಿಚ್ ಏನಾಯ್ತು?

ಇಷ್ಟು ಓದಿ ಬಂದು ನಮ್ಮ ಲೆಕ್ಕದ ಹಾಳೆ ಮತ್ತೆ ತೆಗೆದೆ. ಆ 35 ಜನ × ₹60 = ₹2100. ಅದರ ಪಕ್ಕ ಏನು ಬರೆಯೋದು? ರಂಗೋಲಿ ಬಣ್ಣ ಚೆನ್ನಾಗಿದೆ ಅಂತ ಬಂದ ಲಾಭವಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದವರ ದುಡ್ಡು. ಅಕೌಂಟ್ಸ್‌ನಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ಸೇಲ್ಸ್ ಅಂತಲೇ ಬರುತ್ತೆ. ಅದೇ ತೊಂದರೆ.

ಇನ್ನೊಂದು ವಿಷಯ. ದೊಡ್ಡ ಕಂಪನಿಗೆ ಆ 35 ಜನ ಬರೀ ಅಂಕಿ. ನಮಗೆ ಹಾಗಲ್ಲ. ನಮ್ಮ ಮೊದಲ ಗಿರಾಕಿಗಳು ನೀವೇ. ನನ್ನ ಕ್ಲಾಸ್‌ಮೇಟ್ಸ್, ಅವರ ಅಮ್ಮಂದಿರು, ಸೀನಿಯರ್ ಅಕ್ಕಂದಿರು. ಸೋಮವಾರ ಕಾರಿಡಾರ್‌ನಲ್ಲಿ ಎದುರು ಸಿಗುವವರು.

ಹಾಗಾಗಿ ಟಿಕ್ ತೆಗೆದೆವು. ಆದರೆ ಚೌಕ ತೆಗೆಯಲಿಲ್ಲ. ಇದು ಮುಖ್ಯ. ಅಪ್‌ಸೆಲ್ ಅಂದ್ರೆ ಪಾಪ ಅಂತ ಬಿಡುವುದೂ ತಪ್ಪು. ಹಣತೆ ಕೊಂಡವರಿಗೆ ಬತ್ತಿ ಬೇಕೇ ಬೇಕು. ನೆನಪಿಸದೇ ಇದ್ದರೆ ಹಬ್ಬದ ದಿನ ಸಂಜೆ ಅವರೇ ಅಂಗಡಿಗೆ ಓಡಬೇಕು. ದರ್ಶಿನಿಯವರು ವಡೆ ಬೇಕಾ ಅಂತ ಕೇಳೋದು ನಿಲ್ಲಿಸಿದರೆ ನಮಗೇ ಬೇಜಾರು.

ನಾವು ಗೋಡೆ ಮೇಲೆ ಅಂಟಿಸಿಕೊಂಡಿರೋದು ಇಷ್ಟು:

1. ಮೊದಲ ವಸ್ತುವಿಗೆ ನಿಜಕ್ಕೂ ಹೊಂದುವುದನ್ನೇ ತೋರಿಸಬೇಕು. ಹಣತೆಗೆ ಬತ್ತಿ ಸರಿ. ಹಣತೆಗೆ ಫೋನ್ ಕವರ್ ಬೇಡ.
2. ಬೆಲೆ ಚೌಕದ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ.
3. ಟಿಕ್ ಹಾಕೋದು ಗಿರಾಕಿಯ ಕೆಲಸ.
4. "ಬೇಡ" ಅಂದರೆ ಬೇಡ. ಬಟನ್ ಮೇಲೆ ಅಳುಮುಖ, ಚುಚ್ಚುಮಾತು ಇಲ್ಲ.
5. ಒಂದೇ ಸಲ ಕೇಳಬೇಕು. ಬೇಡ ಅಂದವರ ಹಿಂದೆ ಮೂರು ಪುಟ ಓಡಬಾರದು.
6. ದುಡ್ಡು ಕಟ್ಟುವ ಮೊದಲು ಒಟ್ಟು ಮೊತ್ತ ಕಾಣಬೇಕು.

"ಎಲ್ರೂ ಹಾಕ್ತಾರೆ" ಅಂದಿದ್ದವಳು ಪಟ್ಟಿ ನೋಡಿ "₹2100 ಹೋಯ್ತಲ್ಲೋ" ಅಂದಳು. ಹೌದು, ಹೋಯ್ತು. ಆಮೇಲೆ ಅವಳೇ ಕೂತು ಚೌಕದ ಪಕ್ಕದ ಸಾಲು ಬರೆದಳು: "ಹಣತೆ ಬಂತು. ಬತ್ತಿ ಇದೆಯಾ ಮನೇಲಿ?" ನನಗೆ ಅದು ಕೌಂಟರ್‌ನವರು ತಲೆ ಎತ್ತಿ ಕೇಳಿದ ಹಾಗೇ ಕೇಳಿಸಿತು.

ನಿಮ್ಮ ಸರದಿ. ನಿಮ್ಮ ಫೋನ್‌ನಲ್ಲಿ ಕೊನೆಯ ಮೂರು ಆನ್‌ಲೈನ್ ಬಿಲ್ ತೆಗೆದು ನೋಡಿ. ನೀವು ಕೇಳದೇ ಇದ್ದದ್ದು ಏನಾದರೂ ಇದೆಯಾ? ಇದ್ದರೆ ಎಷ್ಟು ರೂಪಾಯಿ ಅಂತ ಕಾಮೆಂಟ್‌ನಲ್ಲಿ ಹಾಕಿ. ಆ್ಯಪ್ ಹೆಸರು ಬೇಡ, ಮೊತ್ತ ಸಾಕು. ಮಾರುವ ಯೋಚನೆ ಇರುವ ಫ್ರೆಂಡ್ ಇದ್ದರೆ 5ನೇ ಭಾಗ ಕಳಿಸಿ, ಜೊತೆಗೆ 6ನೇದ್ದನ್ನೂ ಕಳಿಸಿ.

#ಕನ್ನಡದಲ್ಲಿಕಾಮರ್ಸ್ #ಅಪ್‌ಸೆಲ್ #ಬಿಕಾಂಬದುಕು #ಇತಿಹಾಸ